ಭೂಮಿಯ ಒಳಗನ್ನು ಯಾರೂ ಕಂಡಿಲ್ಲ, ಮತ್ತೆ ಗೊತ್ತಾಗಿದ್ದು ಹೇಗೆ?

ಶಾಲೆಯ ಭೂಗೋಳ ಪುಸ್ತಕಗಳಲ್ಲಿ ಭೂಮಿಯನ್ನು ಸೀಳಿ ತೋರಿಸುವ ಬಣ್ಣದ ಚಿತ್ರವೊಂದು ಇದ್ದೇ ಇರುತ್ತದೆ. ಹೊರಗೆ ತೆಳುವಾದ ಭೂಕವಚ, ಅದರಡಿ ಮ್ಯಾಂಟಲ್, ನಡುವೆ ಕೇಂದ್ರಗೋಳ. ಮಕ್ಕಳು ಈ ಹೆಸರುಗಳನ್ನೂ ಆಳದ ಅಂಕಿಗಳನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಇದೆಲ್ಲ ಗೊತ್ತಾಗಿದ್ದು ಹೇಗೆ ಎಂಬ ಪ್ರಶ್ನೆಗೆ ಆ ಪುಟದಲ್ಲಿ ಉತ್ತರ ಸಿಗುವುದು ಅಪರೂಪ. ನನ್ನ ಅಭಿಪ್ರಾಯದಲ್ಲಿ ಪಾಠ ಆರಂಭವಾಗಬೇಕಾದದ್ದೇ ಆ ಪ್ರಶ್ನೆಯಿಂದ.

ಅಗೆದು ನೋಡಿ ತಿಳಿದದ್ದಲ್ಲ ಎಂಬುದಂತೂ ಖಚಿತ. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಕೊರೆಯಲು ತೊಡಗಿದ ರಂಧ್ರವು 1989ರಲ್ಲಿ 12,262 ಮೀಟರ್ ಆಳ ಮುಟ್ಟಿತು. ಅಲ್ಲಿನ ಉಷ್ಣಾಂಶ ಸುಮಾರು 180 ಡಿಗ್ರಿ ಸೆಲ್ಸಿಯಸ್ ಇದ್ದುದರಿಂದ ಮುಂದೆ ಕೊರೆಯುವುದು ಕಷ್ಟವಾಯಿತು. ಭೂಮಿಯ ಸರಾಸರಿ ತ್ರಿಜ್ಯ 6,371 ಕಿಲೋಮೀಟರ್. ಅಂದರೆ ಅಷ್ಟು ವರ್ಷಗಳ ಶ್ರಮದಿಂದ ತಲುಪಲು ಸಾಧ್ಯವಾದದ್ದು ಕೇಂದ್ರದ ದಾರಿಯ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಮೊದಲ ಸುಳಿವು ತೂಕದಿಂದ ದೊರೆಯಿತು, ಮತ್ತು ಅದರ ಅರ್ಧ ಭಾಗವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಗ್ರಾನೈಟ್ ಕಲ್ಲಿನ ಚೂರೊಂದನ್ನು ತೂಗಿ, ಅಳತೆ ಗೆರೆಗಳಿರುವ ಜಾಡಿಯ ನೀರಿನಲ್ಲಿ ಮುಳುಗಿಸಿ, ನೀರು ಎಷ್ಟು ಏರಿತೆಂದು ಗುರುತಿಸಬೇಕು. ಕಲ್ಲು 270 ಗ್ರಾಂ ಇದ್ದರೆ ನೀರು ಸುಮಾರು 100 ಮಿಲಿಲೀಟರ್ ಏರುತ್ತದೆ. ಹಾಗಾಗಿ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ. ಇಡೀ ಭೂಮಿಯ ಸರಾಸರಿ ಸಾಂದ್ರತೆಯಾದರೋ ಸುಮಾರು 5.5 ಗ್ರಾಂ, 1798ರಲ್ಲೇ ಹೆನ್ರಿ ಕ್ಯಾವೆಂಡಿಷ್ ಸೀಸದ ಗುಂಡುಗಳ ನಡುವಿನ ಗುರುತ್ವಾಕರ್ಷಣೆಯನ್ನು ಅಳೆದು ಇದಕ್ಕೆ ತೀರ ಹತ್ತಿರದ ಬೆಲೆಯನ್ನು ಕಂಡುಕೊಂಡಿದ್ದರು. ಮೇಲಿನ ಕಲ್ಲು ಇಷ್ಟು ಹಗುರವಾಗಿದ್ದೂ ಸರಾಸರಿ ಅದರ ಎರಡರಷ್ಟು ಬರಬೇಕಾದರೆ, ಆಳದಲ್ಲಿ ಕಲ್ಲಿಗಿಂತ ಬಹಳ ಭಾರವಾದ ವಸ್ತು ಇರಲೇಬೇಕು. ಕಬ್ಬಿಣದ ಮೇಲೆ ಅನುಮಾನ ಬಂದದ್ದು ಹೀಗೆ.

ಉಳಿದುದನ್ನು ತಿಳಿಸಿದ್ದು ಭೂಕಂಪಗಳು. ಭೂಕಂಪನ ಮಾಪಕದ ದಾಖಲೆಯನ್ನು ಗಮನಿಸಿದರೆ, ನೆಟ್ಟಗೆ ಸಾಗುತ್ತಿದ್ದ ಗೆರೆ ಮೊದಲು ಸಣ್ಣದಾಗಿ ನಡುಗುತ್ತದೆ. ತುಸು ಹೊತ್ತಿನ ಬಳಿಕ ಇನ್ನೂ ದೊಡ್ಡ ಏರಿಳಿತ ಕಾಣಿಸಿಕೊಳ್ಳುತ್ತದೆ. ಮೊದಲು ಬಂದದ್ದು ವಸ್ತುವನ್ನು ಹಿಂದೆ ಮುಂದೆ ಒತ್ತುತ್ತ ಸಾಗುವ ಪ್ರಾಥಮಿಕ ಅಲೆ, ಆಮೇಲಿನದು ಅಡ್ಡಡ್ಡ ಅಲುಗಿಸುತ್ತ ಸಾಗುವ ದ್ವಿತೀಯಕ ಅಲೆ. ಹತ್ತಿರದ ಭೂಕಂಪಗಳಲ್ಲಿ ಇವೆರಡರ ನಡುವಿನ ಪ್ರತಿ ಸೆಕೆಂಡ್ ಅಂತರಕ್ಕೆ ಸುಮಾರು 8 ಕಿಲೋಮೀಟರ್ ದೂರ ಎಂದು ಲೆಕ್ಕ ಹಾಕಬಹುದು. 40 ಸೆಕೆಂಡ್ ಅಂತರವಿದ್ದರೆ ಕಂಪನ ಹುಟ್ಟಿದ್ದು ಸುಮಾರು 320 ಕಿಲೋಮೀಟರ್ ಆಚೆ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಪ್ರಾಥಮಿಕ ಅಲೆ ಘನ, ದ್ರವ ಎರಡರಲ್ಲೂ ಚಲಿಸುತ್ತದೆ. ದ್ವಿತೀಯಕ ಅಲೆ ದ್ರವದಲ್ಲಿ ಚಲಿಸಲಾರದು.

1906ರಲ್ಲಿ ರಿಚರ್ಡ್ ಓಲ್ಡ್‌ಹ್ಯಾಮ್ ಅವರು ಭೂಮಿಯ ಇನ್ನೊಂದು ಬದಿಗೆ ಅಲೆಗಳು ತಡವಾಗಿ ತಲುಪುವುದನ್ನು ಆಧರಿಸಿ ಕೇಂದ್ರಗೋಳವೊಂದು ಇದೆಯೆಂದು ವಾದಿಸಿದರು. ಅದು ಆರಂಭವಾಗುವ ಆಳ ಸುಮಾರು 2,900 ಕಿಲೋಮೀಟರ್ ಎಂದು ಕೆಲವೇ ವರ್ಷಗಳಲ್ಲಿ ಬೆನೊ ಗುಟೆನ್‌ಬರ್ಗ್ ಲೆಕ್ಕ ಹಾಕಿದರು. ಆ ಗಡಿಯ ಆಚೆಗೆ ದ್ವಿತೀಯಕ ಅಲೆಗಳು ಹಾಯುವುದಿಲ್ಲ, ಏಕೆಂದರೆ ಹೊರ ಕೇಂದ್ರಗೋಳವು ಕರಗಿದ ಲೋಹ.

ಇದೇ ಪುರಾವೆ ಬಹಳ ವ್ಯಾಪಕವಾದ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದುತ್ತದೆ. ಚಿತ್ರದಲ್ಲಿ ಮ್ಯಾಂಟಲ್‌ಗೆ ಕಿತ್ತಳೆ ಬಣ್ಣ ಬಳಿದಿರುವುದರಿಂದ ಅದು ಕುದಿಯುವ ಲಾವಾ ಸಮುದ್ರವೆಂದೇ ಅನೇಕರು ನಂಬಿರುತ್ತಾರೆ. ಮ್ಯಾಂಟಲ್ ದ್ರವವಾಗಿದ್ದರೆ ದ್ವಿತೀಯಕ ಅಲೆಗಳು ಅದನ್ನು ದಾಟುತ್ತಲೇ ಇರಲಿಲ್ಲ, ಅವು ದಾಟುತ್ತವೆ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣ ಕರಗದೆಯೂ ಬಾಗುವ ಹಾಗೆ, ಮ್ಯಾಂಟಲ್ ಘನ ಶಿಲೆಯಾಗಿಯೇ ಉಳಿದು ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ನಿಧಾನವಾಗಿ ಹರಿಯುತ್ತದೆ. ಈ ಒಂದು ಮಾತು ಪಾಠದಲ್ಲಿ ಸ್ಪಷ್ಟವಾಗದಿದ್ದರೆ ಭೂಫಲಕಗಳ, ಅಂದರೆ ಭೂಮಿಯ ಹೊರಪದರದ ಬೃಹತ್ ತುಂಡುಗಳ, ಚಲನೆಯೂ ಸರಿಯಾಗಿ ಅರ್ಥವಾಗುವುದಿಲ್ಲ.

ಇನ್ನು ಒಳ ಕೇಂದ್ರಗೋಳ. ನ್ಯೂಜಿಲೆಂಡ್‌ನಲ್ಲಿ 1929ರಲ್ಲಿ ನಡೆದ ಭೂಕಂಪದ ದಾಖಲೆಗಳನ್ನು ಪರಿಶೀಲಿಸುತ್ತಿದ್ದ ಡೆನ್ಮಾರ್ಕಿನ ಇಂಗೆ ಲೇಮನ್ ಅವರಿಗೆ, ಯಾವ ಅಲೆಯೂ ಬರಬಾರದ ನೆರಳಿನ ವಲಯದಲ್ಲಿ ದುರ್ಬಲವಾದ ಅಲೆಗಳು ಕಾಣಿಸಿದವು. ಅವುಗಳನ್ನು ಉಪಕರಣದ ದೋಷವೆಂದು ತಳ್ಳಿಹಾಕದೆ, ದ್ರವದ ನಡುವೆ ಬೇರೊಂದು ಗೋಳವಿದ್ದು ಅಲೆಗಳು ಅದರಿಂದ ದಿಕ್ಕು ಬದಲಿಸುತ್ತಿವೆ ಎಂದು ಅವರು 1936ರಲ್ಲಿ ತೋರಿಸಿಕೊಟ್ಟರು. ಸುಮಾರು 1,220 ಕಿಲೋಮೀಟರ್ ತ್ರಿಜ್ಯದ ಆ ಗೋಳ ಘನರೂಪದ್ದೆಂಬುದು ಆನಂತರ ದೃಢಪಟ್ಟಿತು. ಇಡೀ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ಅತಿ ಹೆಚ್ಚು ಬಿಸಿಯಿರುವ ಜಾಗವೇ ಘನವಾಗಿರುವುದು ಹೇಗೆಂದು ಮಕ್ಕಳು ಕೇಳಿದರೆ ಸಂತೋಷಪಡಬೇಕು. ಅಲ್ಲಿನ ಒತ್ತಡ ನಾವಿರುವ ವಾತಾವರಣದ ಒತ್ತಡಕ್ಕಿಂತ ಮೂವತ್ತು ಲಕ್ಷ ಪಟ್ಟಿಗೂ ಹೆಚ್ಚು, ಮತ್ತು ಒತ್ತಡ ಏರಿದಂತೆ ಕಬ್ಬಿಣ ಕರಗುವ ಉಷ್ಣಾಂಶವೂ ಏರುತ್ತದೆ. ಜ್ವಾಲಾಮುಖಿಗಳ ವಿಷಯದಲ್ಲಿ ಇದೇ ನಿಯಮ ತಿರುವುಮುರುವಾಗಿ ಕೆಲಸ ಮಾಡುತ್ತದೆ. ಮೇಲೇರುವ ಮ್ಯಾಂಟಲ್ ಶಿಲೆಯ ಮೇಲಿನ ಒತ್ತಡ ಇಳಿದಾಗ, ಹೊಸದಾಗಿ ಶಾಖ ಸಿಗದಿದ್ದರೂ ಅದರ ಒಂದಂಶ ಕರಗಿ ಶಿಲಾಪಾಕವಾಗುತ್ತದೆ. ಇನ್ನೊಂದು ಫಲಕದ ಅಡಿಗೆ ಮುಳುಗುವ ಭೂಫಲಕದ ಮೇಲಿರುವ ಮ್ಯಾಂಟಲ್‌ನಲ್ಲಿ ಮಾತ್ರ ಕಾರಣ ಬೇರೆ. ಅಲ್ಲಿ ಫಲಕದಿಂದ ಹೊರಬಿದ್ದ ನೀರು ಶಿಲೆ ಕರಗುವ ಉಷ್ಣಾಂಶವನ್ನೇ ತಗ್ಗಿಸುತ್ತದೆ. ಎರಡೂ ಕಡೆ ಶಿಲಾಪಾಕ ಹುಟ್ಟುವುದು ಮ್ಯಾಂಟಲ್‌ನ ಮೇಲಿನ ಭಾಗದಲ್ಲಿಯೇ ಹೊರತು ಕೇಂದ್ರಗೋಳದಲ್ಲಲ್ಲ.