ಲೆನೆಕ್‌ನ ಸ್ಟೆತಸ್ಕೋಪ್: ಕೊನೆಗೂ ತೂತು ನೇರವಾಯಿತು

ಸ್ಟೆತಸ್ಕೋಪ್ ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್ ಬಳಸಿದಂಥ ಮರದ ಕೊಳವೆ ಸಿದ್ಧವಾಯಿತು, ಕೇಳಿಸುತ್ತಿದೆ! ಭಾವನ ಎದೆಗೆ ಒತ್ತಿ ಕಿವಿಯಿಟ್ಟರೆ ಹೃದಯದ ಎರಡು ಸದ್ದು ಬೇರೆಬೇರೆಯಾಗಿ, ನಡುವಿನ ಬಿಡುವಿನ ಸಮೇತ ಬರುತ್ತವೆ. ಹೊರಮೈ ಕಡೆದದ್ದು, ಉಜ್ಜಿದ್ದು, ಪಾಲಿಶ್ ಹಾಕಿದ್ದು ಇಲ್ಲಿ ಬರೆಯುವುದಿಲ್ಲ. ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಮುಂದೆ ನಿಂತವರಿಗೆ ಅದೆಲ್ಲ ಗೊತ್ತು. ಜೀವ ತಿಂದದ್ದು ಒಳಗಿನ ತೂತು.

ಸುಮಾರು 30 ಸೆಂ.ಮೀ. ಉದ್ದದ ಮರ, 6 ಮಿ.ಮೀ. ತೂತು. ಡ್ರಿಲ್ ಬಿಟ್ ಅರ್ಧ ದಾರಿಗೆ ಬರುವಷ್ಟರಲ್ಲಿ ಮರದ ಎಳೆ ಹಿಡಿದು ಪಕ್ಕಕ್ಕೆ ಸರಿಯುತ್ತದೆ. ಆಚೆ ತುದಿಯಲ್ಲಿ ಹೊರಬೀಳುವ ಜಾಗ ಅದರ ಇಷ್ಟ. ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೆಳು. ಇದರ ಮೇಲೆ ಮರದ ವ್ಯಾಪಾರಿಯ ಉಪಕಾರ: 'ಚೆನ್ನಾಗಿ ಒಣಗಿದ ಬೀಚ್ ಮರ' ಎಂದು ಪೂರ್ತಿ ದುಡ್ಡು ತೆಗೆದುಕೊಂಡು ಕೊಟ್ಟದ್ದರ ಒಳಗೆ ಹಸಿ. ಕೊರೆದಿಟ್ಟ ತೂತು ಕೆಲವೇ ದಿನಗಳಲ್ಲಿ ಮೊಟ್ಟೆಯಾಕಾರವಾಯಿತು, ತುದಿ ಸೀಳಿತು. ಕೇಳೋಣವೆಂದರೆ ಫೋನ್ ಎತ್ತುವುದಿಲ್ಲ. ಆಮೇಲೆ ಚನ್ನಪಟ್ಟಣದ ಬೊಂಬೆಯವರು ಬಳಸುವ ಆಲೆ ಮರ ತಂದೆ. ಹಗುರ, ನಯವಾದ ಎಳೆ, ಉಳಿಯ ಮಾತು ಚೆನ್ನಾಗಿ ಕೇಳುತ್ತದೆ.

ದಾರಿ ತೋರಿಸಿದ್ದು ಲೆನೆಕ್‌ನ ವಿನ್ಯಾಸವೇ. ಆತನ ಕೊಳವೆ ಎರಡು ತುಂಡಾಗಿ ಬಿಚ್ಚುತ್ತಿತ್ತು. ಹಾಗಾದರೆ ಒಂದೊಂದಕ್ಕೂ ಅರ್ಧ ಉದ್ದ ಕೊರೆದರೆ ಸಾಕು. ಜೊತೆಗೆ ಕ್ರಮವನ್ನೇ ತಿರುಗಿಸಿದೆ: ಮೊದಲು ಚೌಕ ತುಂಡಿನಲ್ಲಿ ತೂತು, ಆಮೇಲೆ ಎರಡೂ ತುದಿಯ ತೂತಿಗೆ ಕೋನ್ ಸೆಂಟರ್ (ಲೇತ್‌ನ ಶಂಕುವಿನಾಕಾರದ ಮೊನೆ) ಕೊಟ್ಟು ಹೊರಮೈ ಕಡೆಯುವುದು. ತೂತು ಎತ್ತ ಹೋಗಿದ್ದರೂ ತುದಿಗಳಲ್ಲಿ ಅದೇ ನಡುವಾಗುತ್ತದೆ. ಜೋಡಣೆಯ ಸಂದಿಯಲ್ಲಿ ಫ್ಯಾನಿನ ಸದ್ದು ನುಗ್ಗುತ್ತಿತ್ತು. ಜೇನುಮೇಣ ಸವರಿದ ನೂಲು ಸುತ್ತಿದ ಮೇಲೆ ನಿಂತಿತು. ಎದೆಯ ಕಡೆಯ ಆಲಿಕೆಗೆ ತೂತಿರುವ ಒಂದು ಬಿರಡೆ ಇದೆ: ಹೃದಯಕ್ಕೆ ಅದನ್ನು ಹಾಕಿ, ಉಸಿರಿಗೆ ತೆಗೆದು ಕೇಳಿ. ವ್ಯತ್ಯಾಸ ನಿಜಕ್ಕೂ ಇದೆ.

1816ರಲ್ಲಿ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯಲ್ಲಿ ರೆನೆ ಲೆನೆಕ್ ಕಾಗದ ಸುತ್ತಿ ಒಬ್ಬ ಯುವತಿಯ ಎದೆ ಕೇಳಿದ. ಆಮೇಲೆ ಗಾಜು, ಲೋಹ ಎಲ್ಲ ಪರೀಕ್ಷಿಸಿ ಮರಕ್ಕೆ ಬಂದ, ತನ್ನದೇ ಲೇತ್‌ನಲ್ಲಿ ಕಡೆದ. ನಮ್ಮವನೇ! ಆದರೆ ದೊಡ್ಡ ಕೆಲಸ ಆಮೇಲಿನದು. ಬದುಕಿರುವಾಗ ಕೇಳಿದ ಸದ್ದನ್ನು, ರೋಗಿ ಸತ್ತ ಮೇಲೆ ಶವ ಕೊಯ್ದು ಕಂಡ ಶ್ವಾಸಕೋಶದೊಂದಿಗೆ ಹೋಲಿಸುತ್ತ ಹೋದ. 1819ರಲ್ಲಿ ಪುಸ್ತಕ ಬಂತು. ರೋಗಿ ಹೇಳಿದ್ದನ್ನೇ ಹೆಚ್ಚಾಗಿ ನಂಬಿಕೊಂಡಿದ್ದ ವೈದ್ಯಕ್ಕೆ, ಒಳಗಿನ ಗಾಯವನ್ನು ಹೊರಗಿನಿಂದಲೇ ಗುರುತಿಸುವ ದಾರಿ ಸಿಕ್ಕಿತು.

ನನ್ನನ್ನು ಬಿಡದೆ ಕಾಡುವುದು ಇಲ್ಲಿಂದ ಮುಂದಿನದು. ಕ್ಷಯದಿಂದ ಶ್ವಾಸಕೋಶದಲ್ಲಿ ಪೊಳ್ಳು ಬಿದ್ದಿದ್ದರೆ ರೋಗಿಯ ಮಾತು ಕೊಳವೆಯೊಳಗಿಂದಲೇ ಬಂದಂತೆ ಕೇಳುತ್ತದೆ ಎಂದು ಆತ ಬರೆದ. ಕೇಳಿದ ಮೇಲೆ ಕೊಡಲು ಏನಿತ್ತು? ಏನೂ ಇಲ್ಲ. ಲೆನೆಕ್‌ನ ತಾಯಿ ಕ್ಷಯದಿಂದ ಹೋಗಿದ್ದಳು ಎನ್ನುತ್ತಾರೆ. 1826ರಲ್ಲಿ, 45ನೇ ವಯಸ್ಸಿಗೆ, ಅದೇ ಕಾಯಿಲೆಯಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ತನ್ನ ಮನೆಯಲ್ಲಿ ಆತನೂ ಹೋದ. ಜರ್ಮನ್ ವೈದ್ಯ ರಾಬರ್ಟ್ ಕೋಖ್ ಕ್ಷಯದ ರೋಗಾಣು ತೋರಿಸಿದ್ದು 1882ರಲ್ಲಿ, ಅದನ್ನು ಕೊಲ್ಲುವ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಆ ಔಷಧ ಬರುವ ಮೊದಲೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ಷಯದ ಸಾವು ಬಹುಪಾಲು ಇಳಿದಿತ್ತು ಎಂದು ವೈದ್ಯ-ಸಂಶೋಧಕ ಥಾಮಸ್ ಮೆಕ್ಯೂನ್ ಎತ್ತಿ ತೋರಿಸಿದರು. ಸುಧಾರಿಸಿದ ಊಟವೇ ಮುಖ್ಯ ಕಾರಣ ಎಂಬ ಅವರ ವಾದಕ್ಕೆ ತಕರಾರಿದೆ, ಇಳಿದದ್ದಕ್ಕಿಲ್ಲ. ಇದನ್ನು ವಿಜ್ಞಾನದ ಸೋಲು ಎನ್ನಲು ನನಗೆ ಮನಸ್ಸಿಲ್ಲ. ಆದರೆ ರೋಗ ಪತ್ತೆಯಾದರೆ ಅರ್ಧ ವಾಸಿಯಾದಂತೆ ಎನ್ನುವವರ ಕೈಗೆ ಈ ಕೊಳವೆ ಕೊಟ್ಟು ಈ ಕಥೆ ಹೇಳಬೇಕು ಅನಿಸುತ್ತದೆ.

ಅಂದಹಾಗೆ, ಮುಂದಿನದು ಪಿನಾರ್ ಕೊಳವೆ! ಫ್ರೆಂಚ್ ಹೆರಿಗೆ ವೈದ್ಯ ಪಿನಾರ್‌ನ 1895ರ ವಿನ್ಯಾಸ, ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಲು ಹೆರಿಗೆ ಮಾಡಿಸುವವರು ಇಂದಿಗೂ ಬಳಸುತ್ತಾರೆ. ಒಂದೇ ತುಂಡು, ಸಂದಿಯ ರಗಳೆ ಇಲ್ಲ. ಗಂಟೆಯಾಕಾರದ ಬಾಯಿಯ ಒಳಗೆ ಉಳಿ ಆಡಿಸುವುದೇ ಕಷ್ಟ. ದಪ್ಪ ತುಂಡು ಬೇಕು. ನಿಜಕ್ಕೂ ಒಣಗಿದ ಮರ ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.