ನಿಮಿಷಕ್ಕ ಎಷ್ಟು ಬರ್ತೈತಿ?

"ಟ್ಯಾಂಕ್ ತುಂಬ ಪೆಟ್ರೋಲ್ ಐತಲ್ಲ ಕಾಕಾ."

"ಟ್ಯಾಂಕಿನಾಗಿಂದು ಯಾರು ಕೇಳಿದ್ರಪ? ಕಾರ್ಬುರೇಟರ್ ಬಾಯಿಗೆ ನಿಮಿಷಕ್ಕ ಎಷ್ಟು ಬರ್ತೈತಿ, ಅದನ್ನ ಹೇಳು."

ಬಳ್ಳಾರಿಯ ಸಿರುಗುಪ್ಪ ರಸ್ತೆಯ ಶೆಡ್ಡಿನಲ್ಲಿ ಈ ವಾರ ನಡೆದ ಮಾತು. ಮೊದಲನೆಯದು ಎರಡು ಸೀಟಿನ ವಿಮಾನವನ್ನು ಕೈಯಾರೆ ಕಟ್ಟುತ್ತಿರುವ ಹುಡುಗನದು, ಎರಡನೆಯದು ಪಂಪ್‌ಸೆಟ್ ರಿಪೇರಿ ಮಾಡುವ ಮೇಸ್ತ್ರಿಯದು. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಸುತ್ತ ನಿಂತಿದ್ದ ಡಿಗ್ರಿಯವರಿಗೂ ಗೊತ್ತಿರಲಿಲ್ಲ.

ಎಂಜಿನ್ 100 ಅಶ್ವಶಕ್ತಿಯ ರೊಟ್ಯಾಕ್ಸ್ 912. ಐಡ್ಲಿಂಗಿನಲ್ಲಿ ಒಂದಿಷ್ಟೂ ತಕರಾರಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟರೆ ಕೆಲವು ನಿಮಿಷ ಚೆನ್ನಾಗಿ ಎಳೆದು, ಆಮೇಲೆ ಆರ್‌ಪಿಎಂ ಇಳಿದು ಕೆಮ್ಮುತ್ತಿತ್ತು. ಥ್ರಾಟಲ್ ತಗ್ಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಹುಡುಗ ಪ್ಲಗ್ ಬದಲಿಸಿದ್ದ, ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಚಿಮ್ಮುವ ಸಣ್ಣ ತೂತಿನ ತುಂಡು) ಬಿಚ್ಚಿ ಊದಿದ್ದ, ಅದರೊಳಗೆ ತೇಲುವ ಫ್ಲೋಟ್ ಜೋಡಿ 7 ಗ್ರಾಂ ಮೀರಿಲ್ಲವೆಂದು ತೂಗಿಯೂ ನೋಡಿದ್ದ. ಶ್ರದ್ಧೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೆಟ್ಟಿನಲ್ಲಿ ಕಸವಿದ್ದರೆ ಪೂರ್ತಿ ಥ್ರಾಟಲ್ ಕೊಟ್ಟ ಕೂಡಲೇ ಗೊತ್ತಾಗುತ್ತದೆ. ತಡವಾಗಿ ಕಾಣಿಸಿಕೊಂಡು, ಥ್ರಾಟಲ್ ಇಳಿಸಿದರೆ ಹೋಗುವ ದೋಷವಾದರೆ ಮೊದಲು ಅನುಮಾನ ಪಡಬೇಕಾದದ್ದು ಪೂರೈಕೆಯನ್ನು: ಬರುವುದಕ್ಕಿಂತ ಉರಿಯುವುದು ಹೆಚ್ಚಾಗಿದೆ.

ಲೆಕ್ಕ ಕಷ್ಟದ್ದಲ್ಲ. ಈ ಎಂಜಿನ್ ಟೇಕಾಫ್ ಶಕ್ತಿಯಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ 450 ಮಿಲೀ. ಪಂಪಿನಿಂದ ಬರುವ ವ್ಯವಸ್ಥೆಯಾದರೆ ಅದರ ಶೇ. 125ರಷ್ಟು ಹರಿಯಬೇಕು, ಸುಮಾರು 563 ಮಿಲೀ. ಎತ್ತರದ ರೆಕ್ಕೆಯಿಂದ ತಾನೇ ಇಳಿದು ಬರುವುದಾದರೆ ಶೇ. 150, ಅಂದರೆ 675 ಮಿಲೀ. ನಮ್ಮ ಕಡೆ ಬೋರ್ ಕೊರೆಸಿದವನನ್ನು ಎಷ್ಟು ಇಂಚು ನೀರು ಬಿತ್ತು ಎಂದು ಕೇಳುತ್ತಾರೆ, ಎಷ್ಟು ಅಡಿ ಕೊರೆಸಿದೆ ಎಂಬುದು ಆಮೇಲಿನ ಮಾತು. ಮೇಸ್ತ್ರಿ ಕೇಳಿದ್ದು ಅದನ್ನೇ.

ಅಳೆಯುವುದು ಹೀಗೆ. ವಿಮಾನವನ್ನು ಶೆಡ್ಡಿನಿಂದ ಹೊರಗೆ, ಗಾಳಿಯಾಡುವ ಕಡೆ ತನ್ನಿ. ಎರಡು ಕಾರ್ಬುರೇಟರಿಗೆ ಪೈಪ್ ಕವಲೊಡೆಯುವ ಮುಂಚೆ ಬಿಚ್ಚಿ, ಅದರ ಬಾಯಿಯನ್ನು ಕಾರ್ಬುರೇಟರ್ ಇರುವ ಎತ್ತರದಲ್ಲೇ ಹಿಡಿಯಿರಿ. ನೆಲಕ್ಕೆ ಇಳಿಸಿದರೆ ಸೈಫನ್ ಆಗಿ ಸುಳ್ಳು ಲೆಕ್ಕ ಬರುತ್ತದೆ. ಲೋಹದ ಡಬ್ಬಿಯೇ ಬೇಕು. ಡಬ್ಬಿಗೂ ವಿಮಾನದ ಚೌಕಟ್ಟಿಗೂ ತಂತಿ ಕಟ್ಟಿ ಅರ್ತಿಂಗ್ ಮಾಡಿ. ಬಳ್ಳಾರಿಯ ಒಣ ಹವೆಯಲ್ಲಿ ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲ್ ಸುರಿಯುವುದೆಂದರೆ ಕಿಡಿಗೆ ಆಹ್ವಾನ ಕೊಟ್ಟಂತೆ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಎಟುಕುವಂತಿರಲಿ. ಆಮೇಲೆ ಎಲೆಕ್ಟ್ರಿಕ್ ಪಂಪ್ ಹಾಕಿ, ಒಂದು ನಿಮಿಷಕ್ಕೆ ನಿಲ್ಲಿಸದೆ, ಪ್ರತಿ ನಿಮಿಷದ ಲೆಕ್ಕ ಬರೆದುಕೊಳ್ಳುತ್ತಾ ಹೋಗಿ. ಎಂಜಿನ್ನಿನ ಮೆಕ್ಯಾನಿಕಲ್ ಪಂಪನ್ನು ಮಾತ್ರ ಎಂಜಿನ್ ಓಡಿಸಿಯೇ, ಪ್ರೆಷರ್ ಗೇಜ್ ಇಟ್ಟು ನೋಡಬೇಕು, ಒತ್ತಡ 0.15 ಬಾರ್‌ಗಿಂತ ಕೆಳಗಿಳಿಯಬಾರದು.

ಮೊದಲ ನಿಮಿಷ 600 ದಾಟಿತು. ಹುಡುಗ ನಕ್ಕ. ಮೇಸ್ತ್ರಿ ನಗಲಿಲ್ಲ. ಆಮೇಲಿನ ಒಂದೊಂದು ನಿಮಿಷಕ್ಕೂ ಇಳಿಯುತ್ತಾ 400ರ ಹತ್ತಿರ ಬಂತು. ಆಗ ಮೇಸ್ತ್ರಿ ಟ್ಯಾಂಕಿನ ಮುಚ್ಚಳ ಸಡಿಲಿಸಿದ. ಸುಯ್ಯೆಂದು ಗಾಳಿ ಒಳಗೆ ಹೋಯಿತು, ಪೈಪಿನ ಧಾರೆ ದಪ್ಪವಾಯಿತು. ಟ್ಯಾಂಕಿನೊಳಗೆ ಗಾಳಿ ಬಿಡುವ ನಳಿಗೆ, ಅಂದರೆ ವೆಂಟ್, ಕಟ್ಟಿತ್ತು.

ರೆಕ್ಕೆಯ ಅಡಿಯ ವೆಂಟ್ ನಳಿಗೆಯನ್ನು ಬಿಚ್ಚಿ ತಂತಿ ಹಾಕಿದಾಗ ಬೂದು ಬಣ್ಣದ ಮಣ್ಣಿನ ಬಿರಡೆ ಪುಡಿಯಾಗಿ ಉದುರಿತು. ಕುಂಬಾರ ಹುಳದ ಗೂಡು. ಮಣ್ಣಿನ ನಡುವೆ ಮರಿಗೆಂದು ತುಂಬಿಟ್ಟಿದ್ದ ಸಣ್ಣ ಸಣ್ಣ ಜೇಡಗಳು, ಕಾಲು ಮಡಚಿಕೊಂಡು ಹಾಗೇ ಇದ್ದವು. ಬಿರಡೆಯ ಪಕ್ಕದ ಸಂದಿಯಲ್ಲಿ ಸ್ವಲ್ಪ ಗಾಳಿ ಆಡುತ್ತಿದ್ದರಿಂದ ಐಡ್ಲಿಂಗಿಗೆ ಸಾಕಾಗುತ್ತಿತ್ತು, ಪೂರ್ತಿ ಥ್ರಾಟಲಿಗೆ ಸಾಲುತ್ತಿರಲಿಲ್ಲ. ಪೂರ್ತಿ ಮುಚ್ಚಿದ್ದರೆ ಬೇಗ ಗೊತ್ತಾಗುತ್ತಿತ್ತು. ಅರೆಬರೆ ಮುಚ್ಚಿದ್ದೇ ಅಪಾಯದ್ದು, ಯಾಕೆಂದರೆ ಅದು ನೆಲದ ಮೇಲಿನ ಸಣ್ಣ ಪರೀಕ್ಷೆಯಲ್ಲಿ ಪಾಸಾಗಿ ನೆಲ ಬಿಟ್ಟ ಮೇಲೆ ಕೈಕೊಡುತ್ತದೆ. ನಿಲ್ಲಿಸಿದಾಗ ವೆಂಟಿಗೆ ಕೆಂಪು ಪಟ್ಟಿಯ ಮುಚ್ಚಳ, ಹೊರಡುವ ಮುಂಚೆ ಅದನ್ನು ತೆಗೆದದ್ದಕ್ಕೆ ಚೆಕ್‌ಲಿಸ್ಟಿನಲ್ಲಿ ಗುರುತು, ಎರಡೂ ಬೇಕು.

ಅಲ್ಲಿಗೆ ಕೆಲಸ ಮುಗಿಯಿತೆಂದು ಎಲ್ಲರೂ ಚಹಾಕ್ಕೆ ಎದ್ದರು. ಮುಗಿದಿರಲಿಲ್ಲ. ವಿಮಾನ ಏರುವಾಗ ಮೂಗು ಮೇಲೆತ್ತಿರುತ್ತದೆ. ಏರುವ ಅತಿ ಹೆಚ್ಚಿನ ಕೋನಕ್ಕಿಂತ 5 ಡಿಗ್ರಿ ಹೆಚ್ಚಿಗೆ ಮುಂದಿನ ಚಕ್ರ ಎತ್ತಿ, ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇಟ್ಟು ಮತ್ತೆ ಅಳೆಯಬೇಕು. ಅಳೆದಾಗ ಗೇಜ್ ಇನ್ನೂ ಪೆಟ್ರೋಲ್ ಇದೆ ಎನ್ನುತ್ತಿರುವಾಗಲೇ ಪೈಪಿನಲ್ಲಿ ಗುಳ್ಳೆ ಬಂತು. ಪೆಟ್ರೋಲ್ ಹೊರಬರುವ ಹೊರಬಾಯಿಯನ್ನು ಹುಡುಗ ಟ್ಯಾಂಕಿನ ಮುಂಭಾಗದಲ್ಲಿ ಕೂರಿಸಿದ್ದ, ಪೆಟ್ರೋಲ್ ಎಲ್ಲ ಹಿಂದಕ್ಕೆ ಓಡಿತ್ತು. ಅಷ್ಟನ್ನು ಬಳಕೆಗೆ ಬಾರದ್ದೆಂದು ಗೇಜಿನ ಮೇಲೆ ಕೆಂಪು ಗೆರೆ ಎಳೆಯಬೇಕು, ಇಲ್ಲವೇ ಹೊರಬಾಯಿಯ ಜಾಗ ಬದಲಿಸಬೇಕು. ಬದಲಿಸುವುದೇ ಸರಿ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ದಿನಾ ಬಂದು "ಯಾವಾಗ ಹಾರಸ್ತೀಪ?" ಎಂದು ಕೇಳುವ ಬಂಧುಗಳ ಮೇಲೆ. ಬಣ್ಣ ನೋಡಿ ಹೊಗಳುತ್ತಾರೆ, ರೆಕ್ಕೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಅನುಮತಿಯಿಲ್ಲದೆ ಅದು ನೆಲ ಬಿಡುವಂತಿಲ್ಲ ಎಂದು ಅವನು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಡಬ್ಬಿ ಹಿಡಿದು ನಿಮಿಷ ಎಣಿಸುವ ಕೆಲಸಕ್ಕೆ ಚಪ್ಪಾಳೆ ತಟ್ಟುವವರು ಯಾರೂ ಇಲ್ಲ. ಕಾಲೇಜಿನಲ್ಲೂ ಡ್ರಾಯಿಂಗಿಗೆ ಅಂಕ ಕೊಡುತ್ತಾರೆ, ಅಳೆದು ತಪ್ಪು ಹುಡುಕಿದ್ದಕ್ಕೆ ಕೊಡುವವರು ಕಡಿಮೆ. ಅವಸರ ಮಾಡಿಸುವವರ ನಡುವೆ ಮಾಡಿದ ಕೆಲಸವನ್ನೇ ಬಿಚ್ಚಿ ನೋಡುವುದಕ್ಕೆ ಎದೆಗಾರಿಕೆ ಬೇಕು.

ಇನ್ನೂ ಎರಡು ಬಾಕಿ ಇವೆ. ಬಂಕಿನಲ್ಲಿ ಈಗ ಸಿಗುವುದು ಇ-20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್; ಈ ಎಂಜಿನ್ನಿಗೆ ತಯಾರಕರ ಮಿತಿ ಶೇ. 10 ಎಥನಾಲ್. ಎಥನಾಲ್ ಹಳೆಯ ರಬ್ಬರ್ ಪೈಪಿನ ಒಳಪದರವನ್ನು ಉಬ್ಬಿಸಿ ಸುಲಿಯುತ್ತದೆ, ಕೆಲವು ಫೈಬರ್ ಟ್ಯಾಂಕುಗಳ ರಾಳವನ್ನು ಮೆತ್ತಗಾಗಿಸಿ ಫಿಲ್ಟರಿಗೆ ತಂದು ಕೂರಿಸುತ್ತದೆ. ವಿಮಾನಕ್ಕೆಂದೇ ಇರುವ ಪೆಟ್ರೋಲ್ ಅವ್‌ಗ್ಯಾಸ್ ತರಿಸಿದರೆ ಆ ಚಿಂತೆ ಇಲ್ಲ, ಆದರೆ ಅದರಲ್ಲಿ ಸೀಸವಿರುವುದರಿಂದ ಆಯಿಲ್ ಬೇಗ ಬೇಗ ಬದಲಿಸಬೇಕು. ಇನ್ನೊಂದು ಬಿಸಿಲು. ಇದುವರೆಗೆ ಅಳೆದದ್ದೆಲ್ಲ ಬೆಳಗಿನ ತಂಪಿನಲ್ಲಿ. ಸೈಲೆನ್ಸರ್ ಪಕ್ಕದ ಪೈಪಿಗೆ ಬೆಂಕಿ ತಡೆಯುವ ತೋಳು ಹಾಕಿ, ಎಂಜಿನ್ ಕಾಯಿಸಿ ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಚಾಲೂ ಮಾಡಿ ಪೈಪಿನಲ್ಲಿ ಆವಿ ಕಟ್ಟುತ್ತದೆಯೇ ನೋಡಬೇಕು. ಅದನ್ನು ಮಧ್ಯಾಹ್ನ 2 ಗಂಟೆಯ ಬಿಸಿಲಿನಲ್ಲೇ ಮಾಡಬೇಕೆಂದು ಮೇಸ್ತ್ರಿ ಹೇಳಿ ಹೋಗಿದ್ದಾನೆ.