ಕೆಲಸ ಸಿಕ್ಕಿದ ಮೇಲೆ ಇನ್ನೆಂಥ ಪರೀಕ್ಷೆ?

ಕೇರಳದ ಕಂದಾಯ ಇಲಾಖೆಯಲ್ಲಿ ನೌಕರಿ ಮಾಡಿದವನು ಅಂತ ಗೊತ್ತಾದರೆ ಸಾಕು, ನಮ್ಮ ಕಾಸರಗೋಡು ಕಡೆಯವರು ನನ್ನಲ್ಲಿ ಕೇಳುವುದು ಇದನ್ನೇ. "ಮಗಳು ಪಿಎಸ್‌ಸಿ (ಲೋಕಸೇವಾ ಆಯೋಗದ ಪರೀಕ್ಷೆ) ಬರೆದು ರ‍್ಯಾಂಕ್ ಲಿಸ್ಟಿನಲ್ಲಿ ಬಂದಳು, ತಾಲೂಕು ಆಫೀಸಿಗೆ ಸೇರಿದಳು. ಈಗ ಪುನಃ ಇಲಾಖಾ ಪರೀಕ್ಷೆ ಅಂತ ಓದ್ತಾ ಕೂತಿದ್ದಾಳೆ. ಕೆಲಸ ಸಿಕ್ಕಿದ ಮೇಲೆ ಇನ್ನೆಂಥ ಪರೀಕ್ಷೆ ಮಾರಾಯ್ರೆ?" ಹೊಸದಾಗಿ ಸೇರಿದ ಮಕ್ಕಳು ಕೇಳುವ ರೀತಿ ಸ್ವಲ್ಪ ಬೇರೆ. "ಸರ್, ಇದು ಸುಮ್ನೆ ಒಂದು ಶಾಸ್ತ್ರ ಅಲ್ವಾ? ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ ಪಾಸಾದರೆ ಸಾಕಲ್ವಾ?"

ಇಬ್ಬರಿಗೂ ನಾನು ಹೇಳುವುದು ಒಂದೇ. ಪರೀಕ್ಷೆ ಬೇಕು. ಪಾಸಾಗುವುದಕ್ಕೋಸ್ಕರ ಮಾತ್ರ ಓದಿದರೆ ಮುಂದೆ ತೊಂದರೆ ಆಗುವುದು ನಿಮಗಿಂತ ಜಾಸ್ತಿ ಕೌಂಟರಿನ ಆಚೆ ನಿಂತವರಿಗೆ.

ಕೆಲಸಕ್ಕೆ ಸೇರುವ ಮೊದಲು ಪಿಎಸ್‌ಸಿ ಕೇಳುವುದು ಸಾಮಾನ್ಯ ಜ್ಞಾನ, ಲೆಕ್ಕ, ಇಂಗ್ಲಿಷ್, ಇಂಥವು. ಅದರಲ್ಲಿ ಒಳ್ಳೆಯ ಅಂಕ ತೆಗೆದವರಿಗೆ ಪೋಕ್ಕುವರವು (ಜಾಗ ಕೈ ಬದಲಾದಾಗ ದಾಖಲೆಯಲ್ಲಿ ಹೆಸರು ಬದಲಿಸುವುದು) ಎಂದರೇನು, ತಂಡಪೇರ್ (ಜಾಗದ ಒಡೆಯನ ಹೆಸರಿನ ಕಂದಾಯ ಖಾತೆ) ಎಂದರೇನು ಅಂತ ಗೊತ್ತಿರಬೇಕೆಂದಿಲ್ಲ. ಅದಕ್ಕೇ ಪ್ರೊಬೇಷನ್, ಅಂದರೆ ಕೆಲಸ ಖಾಯಂ ಆಗುವ ಮೊದಲಿನ ಪರೀಕ್ಷಾವಧಿ. ಕೇರಳದಲ್ಲಿ ನೇರವಾಗಿ ನೇಮಕವಾದವರಿಗೆ ಸಾಮಾನ್ಯವಾಗಿ 3 ವರ್ಷದೊಳಗೆ ಒಟ್ಟು 2 ವರ್ಷ ಕೆಲಸ ಮಾಡಿ ಮುಗಿಸಬೇಕಾದ ಪ್ರೊಬೇಷನ್ ಇರುತ್ತದೆ. ಯಾವ ಹುದ್ದೆಯವರು ಯಾವ ಪರೀಕ್ಷೆ ಪಾಸಾಗಬೇಕು, ಪ್ರೊಬೇಷನ್‌ಗೆ ಯಾವುದು, ಬಡ್ತಿಗೆ ಯಾವುದು ಅಂತ ಆಯಾ ಹುದ್ದೆಯ ವಿಶೇಷ ನಿಯಮದಲ್ಲಿ ಬರೆದಿರುತ್ತದೆ. ಮೊದಲು ಅದನ್ನು ತೆಗೆದು ಓದಿ, ಪಕ್ಕದ ಮೇಜಿನವರ ಮಾತು ನಂಬಿ ಕೂರಬೇಡಿ. ಪರೀಕ್ಷೆ ನಡೆಸುವುದು ಪಿಎಸ್‌ಸಿಯೇ, ವರ್ಷಕ್ಕೆ ಎರಡು ಸಲ. ರೆವೆನ್ಯೂ ಟೆಸ್ಟ್, ಅಕೌಂಟ್ ಟೆಸ್ಟ್, ಆಫೀಸ್ ಪ್ರೊಸೀಜರ್, ಕೆಲವು ಹುದ್ದೆಗಳಿಗೆ ಕ್ರಿಮಿನಲ್ ಜುಡಿಷಿಯಲ್ ಟೆಸ್ಟ್. ಇದೆಲ್ಲ ಮದ್ರಾಸ್ ಸರ್ಕಾರದ ಕಾಲದಿಂದ ಬಂದ ಕ್ರಮ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತಲ್ಲ, ಆಗಿನ ಗುಮಾಸ್ತರೂ ಇಂಥ ಪರೀಕ್ಷೆ ಬರೆದವರೇ.

ಈ ಓದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಒಂದು ಕಡತ ಹಿಡಿದೇ ಹೇಳುತ್ತೇನೆ. ಬದಿಯಡ್ಕ, ಪೆರ್ಲ, ಪೈವಳಿಕೆ ಕಡೆಯ ಯಾವ ವಿಲ್ಲೇಜ್ ಆಫೀಸಿಗೆ ಹೋದರೂ ಇಂಥದ್ದು ಸಿಗುತ್ತದೆ.

ನಮ್ಮಲ್ಲಿ ಗದ್ದೆ ಅಂದರೆ ಬೈಲು, ಮಜಲು, ಬೆಟ್ಟು ಅಂತ ಮೂರು ತರ. ಬೈಲು ತಗ್ಗಿನದು, ನೀರು ನಿಲ್ಲುವಂಥದ್ದು. ಬೆಟ್ಟು ಗದ್ದೆ ಎತ್ತರದಲ್ಲಿ, ಮಳೆ ನಂಬಿ ಒಂದೇ ಬೆಳೆ. ಎಷ್ಟೋ ಮನೆಯವರು ಬೆಟ್ಟು ಗದ್ದೆಗೆ ಅಜ್ಜನ ಕಾಲದಲ್ಲೇ ಅಡಿಕೆ ಸಸಿ ನೆಟ್ಟರು. ಈಗ ಅಲ್ಲಿ ನೋಡಿದರೆ ತೋಟ. ಆದರೆ ವಿಲ್ಲೇಜ್ ಆಫೀಸಿನ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲಿ ಇವತ್ತಿಗೂ ಅದು ಗದ್ದೆಯೇ, ಅಂದರೆ 'ನಿಲಂ'. ಮೊಮ್ಮಗ ಅಲ್ಲಿ ಒಂದು ಸಣ್ಣ ಮನೆ ಕಟ್ಟಬೇಕೆಂದು ಪಂಚಾಯತಿಗೆ ಹೋಗುತ್ತಾನೆ. ನಿಲಂನಲ್ಲಿ ಮನೆಗೆ ಪರ್ಮಿಟ್ ಇಲ್ಲ ಅಂತ ವಾಪಸ್ ಕಳಿಸುತ್ತಾರೆ. ಅವನು ಕಾಗದ ಹಿಡಿದುಕೊಂಡು ನಿಮ್ಮ ಮೇಜಿನ ಮುಂದೆ ಬರುತ್ತಾನೆ.

2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆಯನ್ನು ಸರಿಯಾಗಿ ಓದಿದವರು ಆಗ ಮೊದಲು ನೋಡುವುದು ಡೇಟಾ ಬ್ಯಾಂಕ್, ಅಂದರೆ ಕಾಯ್ದೆ ಪ್ರಕಾರ ಉಳಿಸಬೇಕಾದ ಗದ್ದೆ, ಜೌಗು ಜಾಗಗಳ ಪಟ್ಟಿ. ಆ ಸರ್ವೆ ನಂಬರ್ ಅದರಲ್ಲಿ ಇದೆಯೋ ಇಲ್ಲವೋ? ಇಲ್ಲದಿದ್ದರೆ, 2018ರ ತಿದ್ದುಪಡಿಯಲ್ಲಿ ಬಂದ 27ಎ ಕಲಂ ಪ್ರಕಾರ ಸ್ವರೂಪ ಬದಲಾವಣೆಗೆ ಅರ್ಜಿ, 50 ಸೆಂಟ್ಸ್ ಒಳಗಿದ್ದರೆ ಫಾರ್ಮ್ 6. ಡೇಟಾ ಬ್ಯಾಂಕಿನಲ್ಲಿ ತಪ್ಪಾಗಿ ಸೇರಿದ್ದರೆ ಅದರಿಂದ ತೆಗೆಸಲು ಮೊದಲು ಫಾರ್ಮ್ 5. ಫಾರ್ಮ್ 5ಕ್ಕೆ ಕೃಷಿ ಅಧಿಕಾರಿಯ ವರದಿ ಮುಖ್ಯ, ಫಾರ್ಮ್ 6ಕ್ಕೆ ವಿಲ್ಲೇಜ್ ಆಫೀಸರ್ ವರದಿ. ಇಷ್ಟು ಹೇಳುವುದಕ್ಕೆ ಐದು ನಿಮಿಷ ಸಾಕು. ಗೊತ್ತಿಲ್ಲದವರು ಏನು ಮಾಡುತ್ತಾರೆ? "ಫಾರ್ಮ್ 6 ಹಾಕಿ" ಎಂದು ಅಂದಾಜಿಗೆ ಹೇಳಿ ಕಳಿಸುತ್ತಾರೆ. ಅರ್ಜಿ ಮೇಲಿನ ಆಫೀಸಿಗೆ ಹೋಗಿ, ಸರದಿಯಲ್ಲಿ ತಿಂಗಳುಗಟ್ಟಲೆ ಕೂತು, ಕೊನೆಗೆ 'ಡೇಟಾ ಬ್ಯಾಂಕಿನಲ್ಲಿದೆ, ತಿರಸ್ಕರಿಸಲಾಗಿದೆ' ಅಂತ ಬರುತ್ತದೆ. ಅಷ್ಟರಲ್ಲಿ ಅವನ ಹೌಸಿಂಗ್ ಲೋನಿನ ಅವಧಿ ಮುಗಿದಿರುತ್ತದೆ. ಕಾಯ್ದೆ ಪುಸ್ತಕದ ಎರಡು ಪುಟ ಓದಿದ್ದರೆ ತಪ್ಪಿಸಬಹುದಾಗಿದ್ದ ಸಂಕಟ ಇದು. ನನಗೆ ಸಿಟ್ಟು ಬರುವುದು ಇಂಥಲ್ಲೇ.

ರೆವೆನ್ಯೂ ರಿಕವರಿ (ಆರ್‌ಆರ್), ಅಂದರೆ ಬಾಕಿ ಹಣವನ್ನು ಕಂದಾಯದಂತೆ ವಸೂಲಿ ಮಾಡುವುದು, ಅದರದ್ದೂ ಹೀಗೆಯೇ. ಆರ್‌ಆರ್ ನೋಟಿಸ್ ಬಂತು ಅಂದರೆ ನಮ್ಮ ಊರಿನ ರೈತರಿಗೆ ನಿದ್ದೆ ಬರುವುದಿಲ್ಲ. 1968ರ ಕಾಯ್ದೆಯಲ್ಲಿ ಚರ ಸೊತ್ತಿನ ಜಪ್ತಿಗೆ ಮೊದಲು ಕೊಡುವ ನೋಟಿಸ್ 7ನೇ ಕಲಂನದ್ದು, ಜಾಗದ ಜಪ್ತಿಗೆ ಮೊದಲಿನದ್ದು 34ನೇ ಕಲಂನದ್ದು. ನೋಟಿಸ್ ಸರಿಯಾಗಿ ಜಾರಿಯಾಗದೆ ಮುಂದಿನ ಹೆಜ್ಜೆ ಇಟ್ಟರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. "ಇದು ಬಂದ ಕೂಡಲೇ ಮನೆ ಹರಾಜಾಗುವುದಿಲ್ಲ, ಕಂತಿಗೆ ಅರ್ಜಿ ಕೊಡಬಹುದು" ಅಂತ ಒಬ್ಬ ಗುಮಾಸ್ತ ಸಮಾಧಾನವಾಗಿ ಹೇಳಬೇಕಾದರೆ ಅವನಿಗೆ ಮೊದಲು ಕಾಯ್ದೆ ಗೊತ್ತಿರಬೇಕು.

ಅಕೌಂಟ್ ಟೆಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸರ್ವಿಸ್ ರೂಲ್ಸ್, ಫೈನಾನ್ಶಿಯಲ್ ಕೋಡ್, ಟ್ರೆಜರಿ ಕೋಡ್ ಓದುವುದು ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಸರ್ಕಾರದ ದುಡ್ಡು ಕೈಯಲ್ಲಿ ಹಿಡಿದ ಮೇಲೆ ರಸೀದಿ, ಕ್ಯಾಶ್ ಬುಕ್, ಟ್ರೆಜರಿಗೆ ಕಟ್ಟುವ ಕ್ರಮ ತಿಳಿಯದಿದ್ದರೆ ಆಡಿಟ್‌ನವರು ಬಂದಾಗ ಉತ್ತರ ಕೊಡಬೇಕಾದವರು ನೀವೇ.

ಕ್ರಿಮಿನಲ್ ಜುಡಿಷಿಯಲ್ ಟೆಸ್ಟ್ ಯಾಕೆ ಅಂತ ತುಂಬ ಜನರಿಗೆ ಆಶ್ಚರ್ಯ. ತಹಶೀಲ್ದಾರರು ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಕೂಡ ಹೌದು. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳೊಬ್ಬಳು ಆತ್ಮಹತ್ಯೆ ಮಾಡಿಕೊಂಡರೆ ಇನ್‌ಕ್ವೆಸ್ಟಿಗೆ, ಅಂದರೆ ಸಾವಿನ ಕಾರಣದ ತನಿಖೆಗೆ, ಮ್ಯಾಜಿಸ್ಟ್ರೇಟ್ ಬರಬೇಕು. ಶವಾಗಾರದಲ್ಲಿ ನಿಂತು ಮೈಮೇಲಿನ ಗುರುತು ನೋಡಿ ಬರೆಸಬೇಕು, ತವರಿನವರ ಹೇಳಿಕೆ ತೆಗೆದುಕೊಳ್ಳಬೇಕು. ಆ ಹೊತ್ತಿನಲ್ಲಿ ಹೊರಗೆ ತಂದೆ ತಾಯಿ ಅಳುತ್ತಾ ನಿಂತಿರುತ್ತಾರೆ. ಯಾವ ಕಲಂ, ಏನು ಬರೆಯಬೇಕು ಅಂತ ಅಲ್ಲಿ ಹುಡುಕುತ್ತಾ ಕೂರಲು ಆಗುವುದಿಲ್ಲ. ಮತ್ತೊಂದು ವಿಷಯ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಎಲ್ಲರ ಬಾಯಲ್ಲಿದ್ದ 144ನೇ ಕಲಂ ಈಗ 163. ಇನ್‌ಕ್ವೆಸ್ಟಿನ 174 ಈಗ 194. ಹಾಗಾಗಿ ಸೀನಿಯರ್‌ಗಳು ದಾಟಿಸಿಕೊಟ್ಟ ಹಳೇ ಗೈಡ್ ನೆಚ್ಚಿಕೊಂಡವರಿಗೆ ಪರೀಕ್ಷೆಯಲ್ಲೂ ಕಷ್ಟ, ಕೆಲಸದಲ್ಲೂ ಕಷ್ಟ.

ಹಾಗಾದರೆ ಓದುವುದು ಹೇಗೆ? ಮೂಲ ಕಾಯ್ದೆಯನ್ನೇ ಓದಿ. ಗೈಡ್ ಆಮೇಲೆ. ದಿನಕ್ಕೆ ನಿಮ್ಮ ಮೇಜಿಗೆ ಬಂದ ಒಂದು ಕಡತ ಹಿಡಿದು, ಇದಕ್ಕೆ ಉತ್ತರ ಯಾವ ಕಾಯ್ದೆಯ ಯಾವ ಕಲಂನಲ್ಲಿದೆ ಅಂತ ಹುಡುಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪೋಕ್ಕುವರವಿನ ಅರ್ಜಿ ಬಂದರೆ 1966ರ ಟ್ರಾನ್ಸ್‌ಫರ್ ಆಫ್ ರಿಜಿಸ್ಟ್ರಿ ನಿಯಮ. ಗಡಿ ತಕರಾರು ಬಂದರೆ 1961ರ ಸರ್ವೆ ಕಾಯ್ದೆ. ಸರ್ಕಾರಿ ಜಾಗ ಒತ್ತುವರಿ ಆದರೆ 1957ರ ಲ್ಯಾಂಡ್ ಕನ್ಸರ್ವೆನ್ಸಿ ಕಾಯ್ದೆ. ಹೀಗೆ ಓದಿದ್ದು ಮರೆಯುವುದಿಲ್ಲ, ಯಾಕೆಂದರೆ ಪ್ರತಿ ಕಲಂನ ಜೊತೆ ಒಂದು ಮುಖ ನೆನಪಿರುತ್ತದೆ.

ಗಡಿಯಲ್ಲಿ ಇರುವ ನಮಗೆ ಇನ್ನೂ ಒಂದು ತೊಡಕು ಇದೆ. ಒಂದೇ ಕುಟುಂಬದವರಿಗೆ ಆಚೆ ಕರ್ನಾಟಕದ ವಿಟ್ಲದಲ್ಲೂ ಜಾಗ, ಈಚೆ ಕೇರಳದ ಪೈವಳಿಕೆಯಲ್ಲೂ ಜಾಗ. ಆಚೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ಕ್ಕೆ. ಈಚೆ 1970ರ ಜನವರಿ 1ಕ್ಕೆ. ಆಚೆ ಆರ್‌ಟಿಸಿ (ಪಹಣಿ), ಈಚೆ ತಂಡಪೇರ್. ಮಂಗಳೂರಿನ ಭಾವ ಹೇಳಿದ ಕ್ರಮ ಇಲ್ಲಿ ನಡೆಯುವುದಿಲ್ಲ. ಜನ ಇದನ್ನು ಕಲಸಿಕೊಂಡು ಬಂದು ಕೇಳಿದಾಗ ಬಿಡಿಸಿ ಹೇಳಬೇಕಾದವರು ವಿಲ್ಲೇಜ್ ಆಫೀಸಿನವರೇ ಅಲ್ವಾ?

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮಲಯಾಳಂ ಭಯ. ಭಾಷಾ ಅಲ್ಪಸಂಖ್ಯಾತ ನೌಕರರಿಗೆಂದೇ ಪಿಎಸ್‌ಸಿ ಮಲಯಾಳಂ ಪರೀಕ್ಷೆ ನಡೆಸುತ್ತದೆ. ಭಯ ಬೇಡ. ಕಡತದ ಮಲಯಾಳಂನಲ್ಲಿ ಅದೇ ಅದೇ ವಾಕ್ಯಗಳು ತಿರುಗಿ ತಿರುಗಿ ಬರುತ್ತವೆ. ಒಳ್ಳೆಯ ಗುಮಾಸ್ತರೊಬ್ಬರು ಬರೆದ ನೋಟ್ ಫೈಲನ್ನು ದಿನಾ ಒಂದು ಪುಟ ಕೈಯಲ್ಲಿ ನಕಲು ಮಾಡಿದರೆ ಕೆಲವೇ ತಿಂಗಳಲ್ಲಿ ಕೈ ಕೂರುತ್ತದೆ.

ನನ್ನ ಬೇಸರ ಇರುವುದು ಇನ್ನೊಂದು ಕಡೆ. ಕನ್ನಡದವನಿಗೆ ಮಲಯಾಳಂ ಗೊತ್ತೋ ಅಂತ ಇಲಾಖೆ ಪರೀಕ್ಷೆ ಮಾಡುತ್ತದೆ. ಅದು ಸರಿಯೇ. ಆದರೆ ಕಾಸರಗೋಡು, ಮಂಜೇಶ್ವರ ತಾಲೂಕಿನ ಹಳೇ ದಾಖಲೆ ಇರುವುದು ಕನ್ನಡದಲ್ಲಿ. ಶಾನುಭಾಗರು ಬರೆದ ಅಡಂಗಲ್ (ಗ್ರಾಮದ ಜಮೀನು, ಬೆಳೆಯ ಲೆಕ್ಕ), ಮೂಲಗೇಣಿ ಚೀಟು (ಶಾಶ್ವತ ಗೇಣಿಯ ಪತ್ರ), ಪಾಲುಪಟ್ಟಿ, ಎಲ್ಲವೂ ಕೂಡುಬರಹದ ಕನ್ನಡ. ಚೆಕ್ಕುಬಂದಿಯಲ್ಲಿ, ಅಂದರೆ ಜಾಗದ ನಾಲ್ಕು ಗಡಿಯ ವಿವರದಲ್ಲಿ, ಮೂಡು, ಪಡು, ತೆಂಕು, ಬಡಗು. "ಮೂಡು ತೋಡು, ಪಡು ಕಟ್ಟಪುಣಿ (ಗದ್ದೆಯ ಬದು)" ಅಂತ ಬರೆದಿರುತ್ತದೆ. ವರ್ಗ ಜಾಗಕ್ಕೆ (ಪಟ್ಟಾ ಜಾಗ) ತಾಗಿ ಕುಮ್ಕಿ, ಅಂದರೆ ವರ್ಗದಾರನಿಗೆ ಬಳಕೆಯ ಸವಲತ್ತು ಇರುವ ಸರ್ಕಾರಿ ಜಾಗ. ವರ್ಷ ಹಾಕಿರುವುದು ಫಸಲಿಯಲ್ಲಿ, ಅಂದರೆ ಹಳೇ ಕಂದಾಯ ವರ್ಷದ ಲೆಕ್ಕದಲ್ಲಿ. ಫಸಲಿ 1356 ಎಂದರೆ 590 ಕೂಡಿಸಬೇಕು, 1946ರ ಜುಲೈಯಿಂದ 1947ರ ಜೂನ್ ತನಕ. ಇದನ್ನು ಓದಲು ಬಾರದವರು ಕುಳಿತ ಆಫೀಸಿನಲ್ಲಿ, ಇಂಥ ಕಾಗದ ತಂದ ಮುದುಕಿಗೆ "ಮಲಯಾಳಂಗೆ ಅನುವಾದ ಮಾಡಿಸಿ ತನ್ನಿ" ಅನ್ನುತ್ತಾರೆ. ಆಕೆ ಪೇಟೆಗೆ ಹೋಗಿ ದುಡ್ಡು ಕೊಟ್ಟು ಬರೆಸುತ್ತಾಳೆ. ಬರೆದವನಿಗೆ ಕಟ್ಟಪುಣಿ ಗೊತ್ತಿರುವುದಿಲ್ಲ, ಗಡಿ ತಪ್ಪುತ್ತದೆ.

ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಕನ್ನಡ ಮತ್ತು ಮಲಯಾಳಂ ಎರಡೂ ಬಲ್ಲವರಿಗೆಂದು ಪಿಎಸ್‌ಸಿ ಬೇರೆಯೇ ಹುದ್ದೆ ತುಂಬಿಸುವುದೂ ಇದಕ್ಕೇ. ಹಾಗಿರುವಾಗ ಈ ಎರಡು ತಾಲೂಕಿನಲ್ಲಿ ಪ್ರೊಬೇಷನ್‌ನಲ್ಲಿ ಇರುವವರಿಗೆ ಹಳೇ ಕನ್ನಡ ದಾಖಲೆ ಓದುವ ಒಂದು ಪತ್ರಿಕೆಯನ್ನೂ ಸೇರಿಸಬೇಕು ಅಂತ ನಾನು ಸಿಕ್ಕಿದ ಸಭೆಯಲ್ಲೆಲ್ಲ ಹೇಳುತ್ತಾ ಬಂದಿದ್ದೇನೆ. ದೊಡ್ಡ ಪತ್ರಿಕೆ ಬೇಡ. ಒಂದು ಹಳೇ ಚೀಟು ಕೊಟ್ಟು, ಇದರ ಗಡಿ ಬಿಡಿಸಿ ಬರೆಯಿರಿ, ಫಸಲಿಯನ್ನು ಇಸವಿಗೆ ತಿರುಗಿಸಿ ಅಂತ ಕೇಳಿದರೆ ಸಾಕು.

ಅದು ಬರುವ ತನಕ ಕಾಯಬೇಡಿ. ಹೊಸದಾಗಿ ಸೇರಿದವರು ತಹಶೀಲ್ದಾರರ ಒಪ್ಪಿಗೆ ತೆಗೆದುಕೊಂಡು ರೆಕಾರ್ಡ್ ರೂಮಿನಿಂದ ನಿಮ್ಮ ಗ್ರಾಮದ ಹಳೇ ಅಡಂಗಲ್ ತರಿಸಿ. ಅಕ್ಷರ ಅರ್ಥವಾಗದಿದ್ದರೆ ನಿವೃತ್ತರಾದ ಹಿರಿಯ ಗುಮಾಸ್ತರು ಪ್ರತಿ ಊರಿನಲ್ಲೂ ಇದ್ದಾರೆ. ಫೋನ್ ಮಾಡಿ ಕೇಳಿದರೆ ಮನೆಗೆ ಕರೆದು, ಕಾಫಿ ಕೊಟ್ಟು ಓದಿ ಹೇಳುತ್ತಾರೆ.